ಹಲ್ಲು ಕಚ್ಚಿಕೊಂಡು ದುಡಿಯುವವರ ಹಲ್ಲಿನ ಪಾಡು

ಕನ್ನಡದಲ್ಲಿ ಹಲ್ಲಿಗೂ ಮನಸ್ಸಿಗೂ ಹಳೆಯ ನಂಟು. ಕಷ್ಟ ನುಂಗಿಕೊಂಡವನು ‘ಹಲ್ಲು ಕಚ್ಚಿಕೊಂಡು’ ಸಹಿಸುತ್ತಾನೆ, ಅವುಡುಗಚ್ಚಿ ನಿಲ್ಲುತ್ತಾನೆ. ದ್ವೇಷ ಇಟ್ಟುಕೊಂಡವನು ‘ಹಲ್ಲು ಮಸೆಯುತ್ತಾನೆ’. ಸಿಟ್ಟು ನೆತ್ತಿಗೇರಿದವನು ಕಟಕಟನೆ ‘ಹಲ್ಲು ಕಡಿಯುತ್ತಾನೆ’. ನಾವು ಬಂದು ನೆಲೆಸಿದ ಊರುಗಳ ಮಾತಿನಲ್ಲೂ ಇದೇ ಕಥೆ. ಮರಾಠಿಯವರು ‘ದಾತ್ ಖಾಣೇ’ ಅಂತಾರೆ, ಅಂದರೆ ಹಲ್ಲು ತಿನ್ನುವುದು. ಹಿಂದಿಯವರು ‘ದಾಂತ್ ಪೀಸ್ನಾ’ ಅಂದರೆ, ತೆಲುಗಿನವರು ‘ಪಳ್ಳು ನೂರಡಂ’ ಅನ್ನುತ್ತಾರೆ. ತಮಿಳಿನವರಂತೂ ನಮ್ಮ ಹಾಗೆಯೇ ಹಲ್ಲು ಕಚ್ಚಿಕೊಂಡು ತಡೆದುಕೋ ಅಂತ ಬುದ್ಧಿ ಹೇಳುತ್ತಾರೆ.

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಸೇರಿದ ನಮ್ಮಲ್ಲಿ ಬಹುತೇಕರಿಗೆ ಈ ಬುದ್ಧಿಮಾತು ಸಿಕ್ಕಿರುತ್ತದೆ. ‘ಎರಡು ವರ್ಷ ಹಲ್ಲು ಕಚ್ಚಿಕೊಂಡು ಇರು, ಆಮೇಲೆ ಎಲ್ಲ ಸರಿ ಹೋಗ್ತದೆ’ ಎಂದು ಬಸ್ ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಯಾರೋ ಹಿರಿಯರು ಬೆನ್ನು ತಟ್ಟಿ ಕಳಿಸಿರುತ್ತಾರೆ. ಅವರು ಹೇಳಿದ್ದು ಉಪಮೆ. ನಮ್ಮ ದೇಹ ಮಾತ್ರ ಅದನ್ನು ಅಕ್ಷರಶಃ ತೆಗೆದುಕೊಂಡಿದೆ. ಹಗಲು ಲ್ಯಾಪ್‌ಟಾಪಿನ ಮುಂದೆ, ರಾತ್ರಿ ಹಾಸಿಗೆಯಲ್ಲಿ, ನಮಗೆ ಗೊತ್ತಿಲ್ಲದೆ ನಾವು ನಿಜವಾಗಿಯೂ ಹಲ್ಲು ಕಚ್ಚುತ್ತಿದ್ದೇವೆ, ಮಸೆಯುತ್ತಿದ್ದೇವೆ.

ನಾನು ದಂತವೈದ್ಯನಲ್ಲ. ಪುಣೆಯಲ್ಲಿ ಹನ್ನೆರಡು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು. ಒಂದು ದವಡೆ ಹಲ್ಲು ಸೀಳಿದ ಮೇಲೆ ಈ ವಿಷಯವನ್ನು ಕೆದಕಿ ಓದಿದೆ, ವೈದ್ಯರನ್ನು ಕಾಡಿ ಕೇಳಿದೆ. ಓದಿದ್ದು, ಕೇಳಿದ್ದು, ಅನುಭವಿಸಿದ್ದು ಮೂರನ್ನೂ ಇಲ್ಲಿ ಇಡುತ್ತಿದ್ದೇನೆ.

ಇದಕ್ಕೊಂದು ಹೆಸರಿದೆ

ವೈದ್ಯಕೀಯ ಭಾಷೆಯಲ್ಲಿ ಇದು ಬ್ರಕ್ಸಿಸಂ. ಹಲ್ಲು ಕಡಿಯುವುದಕ್ಕಿರುವ ಗ್ರೀಕ್ ಪದದಿಂದ ಬಂದ ಹೆಸರು. 1907ರಲ್ಲೇ ಫ್ರೆಂಚ್ ವೈದ್ಯಕೀಯ ಬರಹವೊಂದರಲ್ಲಿ ‘ಬ್ರಕ್ಸೋಮೇನಿ’ ಎಂಬ ಮಾತು ಕಾಣಿಸಿಕೊಂಡಿತ್ತು. ಅಂದರೆ ಕಾಲ್ ಸೆಂಟರ್, ಡೆಡ್‌ಲೈನ್, ಇಎಂಐ ಹುಟ್ಟುವ ಮೊದಲೇ ಮನುಷ್ಯರು ಹಲ್ಲು ಕಡಿಯುತ್ತಿದ್ದರು.

ಇದರಲ್ಲಿ ಎರಡು ಬಗೆ. ಒಂದು ಎಚ್ಚರವಿದ್ದಾಗ ನಡೆಯುವುದು. ಇದರಲ್ಲಿ ಸಪ್ಪಳ ಕಡಿಮೆ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಸುಮ್ಮನೆ ಒತ್ತಿ ಹಿಡಿದಿರುತ್ತದೆ, ಇಲ್ಲವೆ ಹಲ್ಲು ತಾಗದಿದ್ದರೂ ದವಡೆ ಬಿಗಿದಿರುತ್ತದೆ. ಇನ್ನೊಂದು ನಿದ್ದೆಯಲ್ಲಿ ನಡೆಯುವುದು. ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಿಸುವ ಕರಕರ ಸದ್ದು ಇದರದ್ದೇ. ಸಮೀಕ್ಷೆಗಳ ಅಂದಾಜಿನಂತೆ ದೊಡ್ಡವರಲ್ಲಿ ನೂರಕ್ಕೆ ಸುಮಾರು 8ರಿಂದ 13 ಮಂದಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಎಚ್ಚರದಲ್ಲಿ ಕಚ್ಚುವವರು ಅದಕ್ಕಿಂತ ಹೆಚ್ಚು, ನೂರಕ್ಕೆ 20ರಿಂದ 30 ಮಂದಿ. ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಟೇಬಲ್ಲಿಗೆ ಕೂತ ಎಂಟು ಜನರಲ್ಲಿ ಇಬ್ಬರು ಇದ್ದರೆ ಆಶ್ಚರ್ಯವಿಲ್ಲ.

2018ರಲ್ಲಿ ಈ ಕ್ಷೇತ್ರದ ಹಲವು ದೇಶಗಳ ತಜ್ಞರು ಸೇರಿ ಒಂದು ಮುಖ್ಯ ಮಾತು ಹೇಳಿದರು. ಆರೋಗ್ಯವಂತರಲ್ಲಿ ಇದನ್ನು ರೋಗವೆಂದು ಕರೆಯಬೇಕಿಲ್ಲ. ಇದು ದವಡೆಯ ಸ್ನಾಯುಗಳ ಒಂದು ನಡವಳಿಕೆ, ಅತಿಯಾದಾಗ ಅಪಾಯಕ್ಕೆ ದಾರಿ. ಆದ್ದರಿಂದ ಹೆದರಬೇಕಾದ್ದಿಲ್ಲ. ಆದರೆ ಅತಿಯಾದದ್ದನ್ನು ಗುರುತಿಸದಿದ್ದರೆ ಹಲ್ಲು ಬೆಲೆ ತೆರುತ್ತದೆ.

ಇಪ್ಪತ್ತು ನಿಮಿಷದ ಲೆಕ್ಕ

ದಿನದ 24 ಗಂಟೆಯಲ್ಲಿ ನಮ್ಮ ಮೇಲಿನ, ಕೆಳಗಿನ ಹಲ್ಲುಗಳು ಎಷ್ಟು ಹೊತ್ತು ಒಂದಕ್ಕೊಂದು ತಾಗಬೇಕು? ಅಗಿಯುವುದು, ನುಂಗುವುದು ಎಲ್ಲ ಸೇರಿಸಿದರೂ ಇಪ್ಪತ್ತು ನಿಮಿಷದ ಆಸುಪಾಸು. ಉಳಿದ ಹೊತ್ತೆಲ್ಲ ತುಟಿ ಮುಚ್ಚಿದ್ದರೂ ಒಳಗೆ ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಇರಬೇಕು. ಅದೇ ದವಡೆಯ ವಿಶ್ರಾಂತಿ ಸ್ಥಿತಿ. ಬಾಯಿ ಮುಚ್ಚುವುದೆಂದರೆ ಹಲ್ಲು ಕೂಡಿಸಿ ಇಡುವುದು ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಇದನ್ನು ಮೊದಲ ಸಲ ಕೇಳಿದಾಗ ನಾನೂ ನಂಬಲಿಲ್ಲ.

ಹಲ್ಲಿನ ಮೇಲುಹೊದಿಕೆಯಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ದವಡೆ ಹಲ್ಲಿನ ತುದಿಯಲ್ಲಿ ಅದರ ದಪ್ಪ ಎರಡು, ಎರಡೂವರೆ ಮಿಲಿಮೀಟರ್ ಅಷ್ಟೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಅದರ ಕೆಳಗಿರುವ ಡೆಂಟಿನ್ ಹಳದಿ ಬಣ್ಣದ್ದು, ಮೆದು, ಅದರೊಳಗೆಲ್ಲ ಸೂಕ್ಷ್ಮ ನಾಳಗಳು. ಎನಾಮಲ್ ಹೋಗಿ ಡೆಂಟಿನ್ ತೆರೆದುಕೊಂಡರೆ ಸವೆತ ಜೋರಾಗುತ್ತದೆ, ತಣ್ಣೀರು ಸೋಕಿದರೂ ‘ಚುಳ್’ ಎನ್ನುತ್ತದೆ.

ಕೆನ್ನೆಯ ಹಿಂಭಾಗದಲ್ಲಿ ಕೈ ಇಟ್ಟು ಹಲ್ಲು ಕಚ್ಚಿ ನೋಡಿ. ಗಂಟಿನಂತೆ ಉಬ್ಬುವುದು ಮ್ಯಾಸೆಟರ್ ಸ್ನಾಯು. ಗಾತ್ರಕ್ಕೆ ಹೋಲಿಸಿದರೆ ದೇಹದ ಅತ್ಯಂತ ಬಲಶಾಲಿ ಸ್ನಾಯುಗಳಲ್ಲಿ ಒಂದು. ಅನ್ನ, ಚಪಾತಿ ಅಗಿಯುವಾಗ ಇದು ತನ್ನ ಬಲದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಜೋಳದ ರೊಟ್ಟಿಯೋ ಕಡಲೆಯೋ ಆದರೂ ಹಲ್ಲಿನ ನಡುವೆ ಆಹಾರದ ಮೆತ್ತೆ ಇರುತ್ತದೆ. ಗಟ್ಟಿ ಸಿಕ್ಕರೆ ತಕ್ಷಣ ಬಾಯಿ ತೆರೆಯುವಂತೆ ಮಾಡುವ ಎಚ್ಚರ ಇರುತ್ತದೆ. ನಿದ್ದೆಯಲ್ಲಿ ಆ ಮೆತ್ತೆಯೂ ಇಲ್ಲ, ಎಚ್ಚರವೂ ಮಂದ. ಹಲ್ಲಿನ ಮೇಲೆ ಹಲ್ಲು, ಅದೂ ಅಡ್ಡಡ್ಡ ಉಜ್ಜಾಟ. ಬೀಸುಕಲ್ಲಿಗೆ ಕಾಳು ಹಾಕದೆ ತಿರುಗಿಸಿದರೆ ಕಲ್ಲೇ ಸವೆಯುವ ಹಾಗೆ.

ನನ್ನ ಹಲ್ಲಿನ ವಿಷಯ

ನನಗೆ ಬಂದದ್ದು ವಿಚಿತ್ರ ನೋವು. ಬಲಗಡೆಯ ಮೇಲಿನ ದವಡೆ ಹಲ್ಲಿನಲ್ಲಿ ಊಟ ಮಾಡುವಾಗ ಒಮ್ಮೊಮ್ಮೆ ಕರೆಂಟ್ ಹೊಡೆದಂತೆ ಆಗುತ್ತಿತ್ತು. ಪ್ರತಿ ತುತ್ತಿಗೂ ಅಲ್ಲ. ಕಚ್ಚಿದಾಗಲೂ ಅಲ್ಲ, ಕಚ್ಚಿ ಬಿಡುವಾಗ. ಹುಳುಕು ಕಾಣುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮನೆ ಹತ್ತಿರದ ದಂತವೈದ್ಯೆ ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿಯನ್ನು ಹಲ್ಲಿನ ಒಂದೊಂದೇ ಮೂಲೆಗೆ ಇಟ್ಟು ಕಚ್ಚಲು, ಬಿಡಲು ಹೇಳಿದರು. ನಾಲ್ಕನೇ ಮೂಲೆಯಲ್ಲಿ ಬಿಟ್ಟ ಕೂಡಲೇ ಕುರ್ಚಿಯಿಂದ ಹಾರಿದೆ. ಆಮೇಲೆ ಹಲ್ಲಿನ ಪಕ್ಕಕ್ಕೆ ಸಣ್ಣ ದೀಪ ಹಿಡಿದು ಕನ್ನಡಿಯಲ್ಲಿ ತೋರಿಸಿದರು. ಬೆಳಕು ಹಲ್ಲಿನ ಅರ್ಧದವರೆಗೆ ಬಂದು ಒಂದು ಗೆರೆಯ ಬಳಿ ನಿಂತುಬಿಡುತ್ತಿತ್ತು. ಅದು ಸೀಳು.

ಸೀಳಿದ ಹಲ್ಲಿನ ಲಕ್ಷಣವೇ ಇದು. ಕಚ್ಚಿದಾಗ ಸೀಳಿನ ಎರಡು ಬದಿ ಅಗಲುತ್ತವೆ, ಬಿಟ್ಟಾಗ ಥಟ್ಟನೆ ಕೂಡುತ್ತವೆ, ಒಳಗಿನ ನರಕ್ಕೆ ಚುರುಕು ಮುಟ್ಟುತ್ತದೆ. ಸೀಳು ಮೇಲ್ಮಟ್ಟದಲ್ಲಿದ್ದರೆ ಕ್ಯಾಪ್ ಹಾಕಿ ಹಿಡಿದಿಡಬಹುದು. ನರದವರೆಗೆ ಇಳಿದಿದ್ದರೆ ರೂಟ್ ಕೆನಾಲ್ ಬೇಕು. ಬೇರಿನ ಉದ್ದಕ್ಕೂ ಇಳಿದಿದ್ದರೆ ಸಾಮಾನ್ಯವಾಗಿ ಹಲ್ಲು ಕೀಳುವುದೊಂದೇ ದಾರಿ. ನನ್ನದು ಕ್ಯಾಪಿಗೇ ನಿಂತಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಉಳಿದ ಹಲ್ಲುಗಳನ್ನೂ ನೋಡಿದರು. ಕೋರೆ ಹಲ್ಲಿನ ಮೊನೆ ಚಪ್ಪಟೆಯಾಗಿತ್ತು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು. ಕೆನ್ನೆಯ ಒಳಗೆ ಹಲ್ಲು ಕೂಡುವ ಸಾಲಿಗೆ ಸರಿಯಾಗಿ ಬಿಳಿಯ ಗೆರೆ. ಕನ್ನಡಿ ಕೆಳಗಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕಾಮಾಚಂ ಟೆನ್ಶನ್ ಆಹೇ ಕಾ?’ ಕೆಲಸದ ಟೆನ್ಶನ್ ಇದೆಯಾ ಅಂತ. ಹಿಂಜವಡಿಯಲ್ಲಿ ಕೆಲಸ ಮಾಡುವವನಿಗೆ ಆ ಪ್ರಶ್ನೆ ಕೇಳಿದರೆ ನಗುವುದೊಂದೇ ಉತ್ತರ.

ಮನೆಗೆ ಬಂದು ಹೇಳಿದಾಗ ಹೆಂಡತಿ, ‘ಅದಕ್ಕ ಹೇಳ್ತಿದ್ದೆ ನಾನು, ರಾತ್ರಿ ಯಾರ ಮ್ಯಾಲ ಸಿಟ್ಟಾಗಿದ್ರಿ ಅಂತ. ಕಟಕಟ ಸಪ್ಪಳ ಬರ್ತದ’ ಅಂದಳು. ಧಾರವಾಡದಿಂದ ಅವ್ವನ ಫೋನು ಬಂದಾಗ ಸುದ್ದಿ ಅಲ್ಲಿಗೂ ಮುಟ್ಟಿತು. ‘ಸಣ್ಣಾಂವ ಇದ್ದಾಗೂ ಹಿಂಗ ಕಡೀತಿದ್ದಿ. ಹೊಟ್ಟ್ಯಾಗ ಜಂತ ಆಗ್ಯಾವಂತ ಔಷಧ ಕೊಡಿಸಿದ್ವಿ’ ಅಂದಳು ಅವ್ವ. ಜಂತುಹುಳಕ್ಕೂ ಹಲ್ಲು ಕಡಿಯುವುದಕ್ಕೂ ನಂಟು ಕಟ್ಟುವ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಮಕ್ಕಳಲ್ಲಿ ಹಲ್ಲು ಕಡಿಯುವುದು ದೊಡ್ಡವರಿಗಿಂತ ಹೆಚ್ಚೇ ಇರುತ್ತದೆ, ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ತಾನೇ ನಿಲ್ಲುತ್ತದೆ. ಜಂತುಹುಳದ ಮಾತ್ರೆಯನ್ನು ಹುಳಕ್ಕಾಗಿ ಕೊಡಬೇಕೇ ಹೊರತು ಹಲ್ಲಿನ ಸಪ್ಪಳಕ್ಕಾಗಿ ಅಲ್ಲ.

ನಿದ್ದೆಯಲ್ಲಿ ಏನಾಗುತ್ತದೆ

ಮೊದಲೆಲ್ಲ ಹಲ್ಲಿನ ಜೋಡಣೆ ಸರಿ ಇಲ್ಲದ್ದರಿಂದಲೇ ಹಲ್ಲು ಕಡಿಯುತ್ತಾರೆ ಎಂದು ನಂಬಿದ್ದರು. ಎತ್ತರದ ಹಲ್ಲನ್ನು ತೇಯ್ದು ‘ಸರಿ’ ಮಾಡುವುದೇ ಚಿಕಿತ್ಸೆಯಾಗಿತ್ತು. ನಿದ್ದೆಯ ಪ್ರಯೋಗಾಲಯಗಳಲ್ಲಿ ಮಿದುಳು, ಹೃದಯ, ದವಡೆ ಸ್ನಾಯು ಮೂರನ್ನೂ ಒಟ್ಟಿಗೆ ಅಳೆದ ಮೇಲೆ ಆ ನಂಬಿಕೆ ಹಿಂದೆ ಸರಿಯಿತು. ಹಲ್ಲು ಕಡಿತದ ಆರಂಭ ಹಲ್ಲಿನಲ್ಲಿಲ್ಲ, ಮಿದುಳಿನಲ್ಲಿದೆ.

ನಿದ್ದೆ ಒಂದೇ ಸಮ ಆಳವಾಗಿರುವುದಿಲ್ಲ. ರಾತ್ರಿಯಲ್ಲಿ ಹಲವು ಸಲ ಮಿದುಳು ಕೆಲವೇ ಸೆಕೆಂಡು ಎಚ್ಚರದ ಅಂಚಿಗೆ ಬಂದು ಮತ್ತೆ ಒಳಗಿಳಿಯುತ್ತದೆ. ಬೆಳಿಗ್ಗೆ ನಮಗೆ ನೆನಪಿರುವುದಿಲ್ಲ. ಇಂಥ ಅರೆ ಎಚ್ಚರದ ಹೊತ್ತಿನಲ್ಲಿ, ಹೆಚ್ಚಾಗಿ ತೆಳು ನಿದ್ದೆಯ ಹಂತಗಳಲ್ಲಿ, ಹಲ್ಲು ಕಡಿತ ನಡೆಯುತ್ತದೆ. ಕ್ರಮವೂ ಗೊತ್ತಾಗಿದೆ. ಮೊದಲು ದೇಹವನ್ನು ಹೋರಾಟಕ್ಕೆ ಸಜ್ಜುಗೊಳಿಸುವ ನರವ್ಯೂಹ ಚುರುಕಾಗುತ್ತದೆ. ಆಮೇಲೆ ಮಿದುಳಿನ ಅಲೆಗಳ ವೇಗ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ, ಕೊನೆಗೆ ದವಡೆ ಲಯಬದ್ಧವಾಗಿ ಆಡತೊಡಗುತ್ತದೆ. ಕುತೂಹಲದ ವಿಷಯವೆಂದರೆ ಹಲ್ಲು ಕಡಿಯದ ಆರೋಗ್ಯವಂತರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಯ ದವಡೆ ನಿದ್ದೆಯಲ್ಲಿ ಹೀಗೆ ಸದ್ದಿಲ್ಲದೆ ಆಡುತ್ತದೆ. ಕಡಿಯುವವರಲ್ಲಿ ಅದು ಹೆಚ್ಚು ಸಲ, ಹೆಚ್ಚು ಬಲದಿಂದ ನಡೆಯುತ್ತದೆ.

ಹಾಗಾದರೆ ಒತ್ತಡದ ಪಾತ್ರವೇನು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಎಚ್ಚರದಲ್ಲಿ ಹಲ್ಲು ಕಚ್ಚುವುದಕ್ಕೂ ಒತ್ತಡ, ಆತಂಕಗಳಿಗೂ ಇರುವ ನಂಟು ಸ್ಪಷ್ಟ. ನಿದ್ದೆಯ ಹಲ್ಲು ಕಡಿತಕ್ಕೆ ಒತ್ತಡವೊಂದೇ ಕಾರಣ ಎನ್ನಲಾಗದು. ಮನೆತನದಲ್ಲಿ ಬರುವ ಸ್ವಭಾವ ಅದರಲ್ಲಿದೆ. ಮದ್ಯ, ಸಿಗರೇಟು, ಅತಿಯಾದ ಕಾಫಿ ಸೇರುತ್ತವೆ. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್ ಗುಂಪಿನ ಮಾತ್ರೆಗಳಿಂದಲೂ ಕೆಲವರಲ್ಲಿ ಶುರುವಾಗುತ್ತದೆ. (ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಕೊಟ್ಟ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.) ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಇದ್ದವರಲ್ಲಿ, ಹೊಟ್ಟೆಯ ಆಮ್ಲ ಗಂಟಲಿಗೆ ಬರುವವರಲ್ಲಿ ಹಲ್ಲು ಕಡಿತವೂ ಹೆಚ್ಚಾಗಿ ಕಾಣುತ್ತದೆ. ಒತ್ತಡ ಇವೆಲ್ಲದರ ಜೊತೆ ಕೈ ಜೋಡಿಸುತ್ತದೆ. ಒತ್ತಡದಲ್ಲಿದ್ದವನ ನಿದ್ದೆ ತೆಳು, ಅರೆ ಎಚ್ಚರ ಹೆಚ್ಚು; ಅವನೇ ನಾಲ್ಕನೇ ಕಾಫಿ ಕುಡಿಯುವವನು, ಅವನೇ ರಾತ್ರಿ ಹನ್ನೊಂದಕ್ಕೆ ಊಟ ಮಾಡುವವನು.

ಕೋವಿಡ್ ಕಾಲ ಇದಕ್ಕೊಂದು ಸಾಕ್ಷಿಯಾಯಿತು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2021ರ ಆರಂಭದಲ್ಲಿ ತನ್ನ ದಂತವೈದ್ಯರನ್ನು ಕೇಳಿದಾಗ, ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹಲ್ಲು ಕಡಿಯುವ ರೋಗಿಗಳು ಕೋವಿಡ್ ಮೊದಲಿಗಿಂತ ಹೆಚ್ಚಾಗಿದ್ದಾರೆ ಎಂದರು. ಸೀಳಿದ ಹಲ್ಲು, ದವಡೆ ಕೀಲಿನ ನೋವು ಹೆಚ್ಚಾಗಿದೆ ಎಂದವರೂ 60ಕ್ಕೆ ಮೇಲಿದ್ದರು. ಅದು ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲಿ ಕಂಡದ್ದು, ಪ್ರಯೋಗಾಲಯದ ಅಳತೆಯಲ್ಲ. ಆದರೂ ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಎರಡು ವರ್ಷ ಕಳೆದ ನಮಗೆ ಆ ಸಂಖ್ಯೆ ಅಪರಿಚಿತ ಅನ್ನಿಸುವುದಿಲ್ಲ.

ಮ್ಯೂಟ್ ಬಟನ್ನಿನ ಹಿಂದೆ

ವೈದ್ಯೆ ನನಗೆ ಒಂದು ಮನೆಗೆಲಸ ಕೊಟ್ಟರು. ಮಾನಿಟರಿನ ಮೂಲೆಗೆ ಹಸಿರು ಚುಕ್ಕೆ ಅಂಟಿಸಿ, ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಹಲ್ಲು ಕೂಡಿದೆಯೇ ಬಿಟ್ಟಿದೆಯೇ ನೋಡಿಕೊಳ್ಳುವುದು. ಒಂದು ವಾರ ಒಂದು ಚೀಟಿಯಲ್ಲಿ ಗೆರೆ ಹಾಕಿಕೊಂಡು ಬಂದೆ.

ಕಷ್ಟದ ಕೋಡ್ ಬರೆಯುವಾಗ ಹೆಚ್ಚು ಕಚ್ಚುತ್ತೇನೆ ಎಂದುಕೊಂಡಿದ್ದೆ. ಚೀಟಿ ಬೇರೆಯದನ್ನೇ ಹೇಳಿತು. ಅತಿ ಹೆಚ್ಚು ಗೆರೆ ಬಿದ್ದದ್ದು ರಾತ್ರಿಯ ಕ್ಲೈಂಟ್ ಕಾಲ್‌ನಲ್ಲಿ, ಅದೂ ನಾನು ಮಾತಾಡದೆ ಮ್ಯೂಟ್‌ನಲ್ಲಿ ಕೂತು ಕೇಳುವಾಗ. ನ್ಯೂಯಾರ್ಕಿನ ಮಧ್ಯಾಹ್ನ 12 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅವರು ಊಟಕ್ಕೆ ಏಳುವ ಮೊದಲು ಮುಗಿಸಬೇಕೆಂಬ ಆತುರದಲ್ಲಿರುತ್ತಾರೆ. ಹೇಳಬೇಕಾದ ‘ಆಗುವುದಿಲ್ಲ’ ಎಂಬ ಮಾತು ನಮ್ಮ ನಾಲಿಗೆ ತುದಿಗೆ ಬಂದು ನಿಂತಿರುತ್ತದೆ. ಅದನ್ನು ಆಚೆ ಬಿಡದಂತೆ ಹಿಡಿಯುವ ಕೆಲಸ ದವಡೆಯದು. ಎರಡನೆಯ ಸ್ಥಾನ ವಾಕಡದಿಂದ ಹಿಂಜವಡಿಗೆ ಬೈಕಿನಲ್ಲಿ ಹೋಗುವ ದಾರಿಗೆ. ಹೆಲ್ಮೆಟ್ಟಿನೊಳಗೆ ಹಲ್ಲು ಬಿಟ್ಟುಕೊಂಡು ಇರಲು ಪ್ರಯತ್ನಿಸಿ ನೋಡಿ, ಎಷ್ಟು ಕಷ್ಟ ಗೊತ್ತಾಗುತ್ತದೆ. ಮೂರನೆಯದು ನಾನು ಎಣಿಸದೇ ಇದ್ದದ್ದು. ಊರಿನಿಂದ ಅಪ್ಪನ ರಿಪೋರ್ಟು ವಾಟ್ಸಾಪಿನಲ್ಲಿ ಬಂದು, ಅದನ್ನು ತೆರೆಯುವ ಮೊದಲಿನ ಕೆಲವು ಸೆಕೆಂಡು.

ಹೊರನಾಡಿನಲ್ಲಿ ಇರುವ ನಮ್ಮ ಒತ್ತಡದ ಸ್ವರೂಪ ಇದರಲ್ಲೇ ಇದೆ ಅನ್ನಿಸಿತು. ಕೆಲಸ ಒಂದು ಭಾಷೆಯಲ್ಲಿ, ಬೀದಿ ಇನ್ನೊಂದು ಭಾಷೆಯಲ್ಲಿ, ಮನೆ ಮತ್ತೊಂದರಲ್ಲಿ. ವಯಸ್ಸಾದ ತಂದೆ ತಾಯಿ ಒಂದು ರಾತ್ರಿ ಪ್ರಯಾಣದ ದೂರದಲ್ಲಿ. ಸಿಟ್ಟನ್ನು ಸಿಟ್ಟಾಗಿ ತೋರಿಸಲು ಜಾಗ ಕಡಿಮೆ.

ಹಲ್ಲು ಕಡಿಯದಿದ್ದರೂ

ಒತ್ತಡ ಬಾಯಿಗೆ ಬೇರೆ ದಾರಿಗಳಿಂದಲೂ ಇಳಿಯುತ್ತದೆ. ಉದ್ವೇಗದಲ್ಲಿ ಬಾಯಿ ಒಣಗುವುದು ಎಲ್ಲರಿಗೂ ಗೊತ್ತು. ಜೊಲ್ಲು ಬರೀ ನೀರಲ್ಲ; ಆಮ್ಲವನ್ನು ತೊಳೆದು, ಹಲ್ಲಿಗೆ ಖನಿಜ ಮರಳಿಸುವ ಕಾವಲುಗಾರ. ಅದು ಕಡಿಮೆಯಾದರೆ ಹುಳುಕು ಬೇಗ ಹಿಡಿಯುತ್ತದೆ. ಬಾಯಿ ಹುಣ್ಣು ಪರೀಕ್ಷೆಯ ವಾರದಲ್ಲೋ ರಿಲೀಸಿನ ವಾರದಲ್ಲೋ ಏಳುವುದು ಹಲವರ ಅನುಭವ. ದೀರ್ಘಕಾಲದ ಒತ್ತಡದಲ್ಲಿ ದೇಹದ ಕಾಯುವ ಶಕ್ತಿ ಕುಗ್ಗಿ ವಸಡಿನ ಉರಿಯೂತ ಉಲ್ಬಣಿಸುತ್ತದೆ. ವಸಡು ಸಡಿಲವಾದ ಹಲ್ಲಿನ ಮೇಲೆ ಕಡಿತದ ಬಲ ಬಿದ್ದರೆ ಹಲ್ಲು ಅಲುಗಾಡುವುದು ಬೇಗ.

ಇದರ ಮೇಲೆ ನಮ್ಮ ಅಭ್ಯಾಸಗಳು. ರಾತ್ರಿ ಕಾಲ್ ನಡುವೆ ಬಿಸ್ಕತ್ತು, ಚಿಪ್ಸು. ಸಕ್ಕರೆ ಹಾಕಿದ ಚಹಾ ಗುಟುಕು ಗುಟುಕಾಗಿ ಎರಡು ಗಂಟೆ. ಎಚ್ಚರ ಇರಲು ಎನರ್ಜಿ ಡ್ರಿಂಕು. ಒತ್ತಡ ಇಳಿಸಲು ಸಿಗರೇಟು, ಗುಟಖಾ, ಸುಪಾರಿ. ಗಟ್ಟಿ ಅಡಿಕೆ ಅಗಿಯುವುದರಿಂದಲೇ ಹಲ್ಲು ಸವೆಯುತ್ತದೆ, ಸೀಳುತ್ತದೆ. ಬಾಯಿ ಕ್ಯಾನ್ಸರಿನ ಅಪಾಯ ಬೇರೆ. ತಂಪು ಪಾನೀಯವೋ ಹುಳಿ ತೇಗೋ ಹಲ್ಲಿಗೆ ಸೋಕಿದಾಗ ಎನಾಮಲ್ ಕೆಲ ಹೊತ್ತು ಮೆತ್ತಗಾಗಿರುತ್ತದೆ. ಆಗಲೇ ಬ್ರಷ್ ಹಾಕಿ ತಿಕ್ಕಿದರೆ ಸವೆತ ಹೆಚ್ಚು. ಬರೀ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡುವುದು ಒಳ್ಳೆಯದು.

ನಿಮ್ಮ ಬಾಯಿಯನ್ನೇ ಕೇಳಿ

ಈ ಕೆಳಗಿನವುಗಳಲ್ಲಿ ಎರಡು ಮೂರು ನಿಮಗಿದ್ದರೆ ದಂತವೈದ್ಯರಲ್ಲಿ ಪ್ರಸ್ತಾಪಿಸಿ:

- ಬೆಳಿಗ್ಗೆ ಎದ್ದಾಗ ದವಡೆ ಬಿಗಿ, ಬಾಯಿ ಪೂರ್ತಿ ತೆರೆಯಲು ಕಷ್ಟ
- ಎದ್ದ ಕೂಡಲೇ ಕಣತಲೆಯಲ್ಲಿ ನೋವು, ಮಧ್ಯಾಹ್ನದೊಳಗೆ ತಾನೇ ಇಳಿಯುವುದು
- ಕಿವಿಯ ಮುಂದಿನ ಕೀಲಿನಲ್ಲಿ ಟಕ್ ಸದ್ದು, ಕಿವಿಯಲ್ಲಿ ದೋಷವಿಲ್ಲದೆ ಕಿವಿನೋವು
- ಹಲವು ಹಲ್ಲುಗಳು ಒಟ್ಟಿಗೆ ತಣ್ಣಗಿನದಕ್ಕೆ ಜುಮ್ಮೆನ್ನುವುದು
- ಕೋರೆ ಹಲ್ಲು, ಮುಂದಿನ ಹಲ್ಲಿನ ಅಂಚು ಚಪ್ಪಟೆಯಾಗಿರುವುದು
- ತುಂಬಿಸಿದ ಸಿಮೆಂಟು, ಕ್ಯಾಪು ಮತ್ತೆ ಮತ್ತೆ ಕಿತ್ತು ಬರುವುದು
- ನಾಲಿಗೆ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯೊಳಗೆ ಬಿಳಿ ಗೆರೆ

ಎಲ್ಲ ಸವೆತವೂ ಕಡಿತದ್ದಲ್ಲ. ವಸಡಿನ ಬುಡದಲ್ಲಿ ಕಾಣುವ ಕಚ್ಚು ಗಟ್ಟಿ ಬ್ರಷ್ಷಿನ ಅಡ್ಡ ತಿಕ್ಕಾಟದಿಂದಲೂ ಆಗುತ್ತದೆ. ಹಲ್ಲಿನ ಒಳಬದಿ ಕರಗಿದಂತಿದ್ದರೆ ಆಮ್ಲದ ಕೆಲಸ ಇರಬಹುದು. ಹಳೆಯ ಸವೆತ ಈಗ ನಿಂತುಹೋದ ಅಭ್ಯಾಸದ್ದೂ ಆಗಿರಬಹುದು. ಬಿಡಿಸಿ ಹೇಳುವುದು ವೈದ್ಯರ ಕೆಲಸ.

ಏನು ಮಾಡಬಹುದು

ನಿದ್ದೆಯ ಹಲ್ಲು ಕಡಿತವನ್ನು ಒಂದೇ ಏಟಿಗೆ ನಿಲ್ಲಿಸುವ ಔಷಧ ಇಲ್ಲ. ಇರುವ ದಾರಿಗಳೆಲ್ಲ ಹಾನಿ ತಡೆಯುವುದಕ್ಕೆ, ಕಡಿತ ಕಡಿಮೆ ಮಾಡುವುದಕ್ಕೆ.

ಮೊದಲನೆಯದು ನೈಟ್ ಗಾರ್ಡ್. ಹಲ್ಲಿನ ಅಚ್ಚು ತೆಗೆದು, ಲ್ಯಾಬಿನಲ್ಲಿ ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿಸುತ್ತಾರೆ. ಬಣ್ಣದ ಕಾಗದ ಕಚ್ಚಿಸಿ ಎಲ್ಲಿ ಹೆಚ್ಚು ತಾಗುತ್ತದೆಂದು ನೋಡಿ ತಿದ್ದುತ್ತಾರೆ. ಇದು ಕಡಿತವನ್ನು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಬಲವನ್ನು ಹಂಚುತ್ತದೆ. ಮೊದಲ ಮೂರ್ನಾಲ್ಕು ರಾತ್ರಿ ಜೊಲ್ಲು ಸುರಿಯುತ್ತದೆ, ಬಾಯಲ್ಲಿ ಬೇರೆ ಯಾರದೋ ಹಲ್ಲು ಇದ್ದಂತೆ ಅನ್ನಿಸುತ್ತದೆ. ಎರಡು ವಾರದಲ್ಲಿ ರೂಢಿಯಾಗುತ್ತದೆ. ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರಿಗೆ ಸೊಟ್ಟಗಾಗುತ್ತದೆ. ನನಗೆ ಗಾರ್ಡಿಗೆ ಐದೂವರೆ ಸಾವಿರ, ಕ್ಯಾಪಿಗೆ ಹನ್ನೆರಡು ಸಾವಿರ ಖರ್ಚಾಯಿತು. ಕಂಪನಿ ಕೊಟ್ಟ ವಿಮೆಯಲ್ಲಿ ಎರಡೂ ಬರಲಿಲ್ಲ. ಆಸ್ಪತ್ರೆಗೆ ದಾಖಲಾಗದ ಹಲ್ಲಿನ ಚಿಕಿತ್ಸೆಯನ್ನು ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ. ನಿಮ್ಮದರಲ್ಲಿ ಹೊರರೋಗಿ ಚಿಕಿತ್ಸೆಯ ಭಾಗ ಇದೆಯೇ ನೋಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಮೆತ್ತನೆಯ ಗಾರ್ಡುಗಳು ಅಗ್ಗ. ಆದರೆ ಮೆತ್ತಗಿನದು ಬಾಯಿಗೆ ಸಿಕ್ಕರೆ ಕೆಲವರು ಚ್ಯೂಯಿಂಗ್ ಗಮ್ಮಿನಂತೆ ಇನ್ನಷ್ಟು ಅಗಿಯುತ್ತಾರೆ.

ಗೊರಕೆ ಜೋರಾಗಿದ್ದು, ಹಗಲು ತೂಕಡಿಕೆ ಇದ್ದರೆ ಗಾರ್ಡ್ ಮಾಡಿಸುವ ಮೊದಲೇ ಅದನ್ನು ವೈದ್ಯರಿಗೆ ಹೇಳಿ. ಸ್ಲೀಪ್ ಅಪ್ನಿಯಾ ಇದ್ದ ಕೆಲವರಲ್ಲಿ ಮಾಮೂಲಿ ಗಾರ್ಡಿನಿಂದ ಉಸಿರಾಟದ ತೊಂದರೆ ಹೆಚ್ಚಾದದ್ದುಂಟು. ಅಂಥವರಿಗೆ ಮೊದಲು ನಿದ್ದೆಯ ಪರೀಕ್ಷೆ ಬೇಕು. ದವಡೆ ಸ್ನಾಯುವಿಗೆ ಬೊಟಾಕ್ಸ್ ಚುಚ್ಚುವ ಚಿಕಿತ್ಸೆ ಮೆಟ್ರೋಗಳಲ್ಲಿ ಈಗ ಜಾಹೀರಾತಿನಲ್ಲೂ ಕಾಣುತ್ತದೆ. ಅದು ಕಡಿತದ ಬಲ ತಗ್ಗಿಸುತ್ತದೆ, ಆದರೆ ಕೆಲವು ತಿಂಗಳಷ್ಟೆ, ದುಬಾರಿ, ಎಲ್ಲರಿಗೂ ಬೇಕಾದ್ದಲ್ಲ. ಹಲ್ಲು ಕಡಿತ ನಿಲ್ಲಿಸಲೆಂದು ಯಾರಾದರೂ ಒಳ್ಳೆಯ ಹಲ್ಲುಗಳನ್ನು ತೇಯಲು ಹೊರಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ತೇಯ್ದದ್ದು ಮರಳಿ ಬರುವುದಿಲ್ಲ.

ಹಗಲಿನ ಕಚ್ಚುವಿಕೆಗೆ ಮದ್ದು ನಮ್ಮ ಕೈಯಲ್ಲೇ ಇದೆ, ಪುಕ್ಕಟೆ. ಇಂಗ್ಲಿಷಿನ ‘ಎನ್’ ಅಕ್ಷರವನ್ನು ಮೆಲ್ಲಗೆ ಹೇಳಿ ಹಾಗೇ ನಿಲ್ಲಿ. ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಿಗೆ ತಾಗಿರುತ್ತದೆ, ದವಡೆ ಹಲ್ಲುಗಳು ಬಿಟ್ಟುಕೊಂಡಿರುತ್ತವೆ. ಅದೇ ಸರಿಯಾದ ಸ್ಥಿತಿ. ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಗಂಟೆಗೊಮ್ಮೆ ಫೋನಿನಲ್ಲಿ ಸಣ್ಣ ಸದ್ದು ಇಟ್ಟುಕೊಂಡರೂ ಆಗುತ್ತದೆ. ಪೆನ್ನು, ಉಗುರು ಕಚ್ಚುವುದು, ದಿನವಿಡೀ ಚ್ಯೂಯಿಂಗ್ ಗಮ್ ಅಗಿಯುವುದು ಬಿಡಬೇಕು. ಮಲಗುವ ಮೊದಲು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೆ ಹತ್ತು ನಿಮಿಷ ಇಟ್ಟರೆ ಸ್ನಾಯು ಸಡಿಲವಾಗುತ್ತದೆ. ಸಂಜೆಯ ನಂತರ ಕಾಫಿ, ಮಲಗುವ ಹೊತ್ತಿಗೆ ಮದ್ಯ ಬೇಡ. ಆತಂಕವೇ ಜೋರಾಗಿದ್ದರೆ ಆಪ್ತಸಮಾಲೋಚಕರ ಬಳಿ ಹೋಗುವುದೂ ಹಲ್ಲಿನ ಚಿಕಿತ್ಸೆಯ ಭಾಗವೇ.

ನಾನು ವಾರದ ಐದು ರಾತ್ರಿ ಕಾಲ್‌ಗಳಲ್ಲಿ ಎರಡನ್ನು ನಮ್ಮ ಸಂಜೆ ಏಳಕ್ಕೆ ತರಿಸಿದೆ. ಕೇಳಿದಾಗ ಕ್ಲೈಂಟ್ ಒಪ್ಪಿದ ಬಗೆ ನೋಡಿದರೆ ಅವರಿಗೆ ಅದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಉಳಿದ ಮೂರರಲ್ಲಿ, ಆಗದ ದಿನಾಂಕ ಬಂದರೆ ಮ್ಯೂಟ್ ತೆಗೆದು ಆಗುವುದಿಲ್ಲ ಎನ್ನುತ್ತೇನೆ. ಆರು ತಿಂಗಳ ತಪಾಸಣೆಗೆ ಗಾರ್ಡ್ ಒಯ್ದಾಗ ಅದರ ಮೇಲೆ ಗೀರುಗಳಿದ್ದವು. ‘ಇಷ್ಟು ನಿಮ್ಮ ಹಲ್ಲಿನ ಮೇಲೆ ಬೀಳಬೇಕಿತ್ತು’ ಎಂದರು ವೈದ್ಯೆ. ಅಂದರೆ ಕಡಿತ ನಿಂತಿಲ್ಲ. ಬೆಳಗಿನ ದವಡೆ ಬಿಗಿತ ಮಾತ್ರ ವಾರಕ್ಕೊಂದು ಸಲಕ್ಕೆ ಇಳಿದಿದೆ.

ಒಬ್ಬರೇ ಇರುವವರಿಗೆ

ಕೊನೆಯದಾಗಿ ಒಂದು ಮಾತು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅದು ಗೊತ್ತಾಗುವುದು ಬಹುತೇಕ ಪಕ್ಕದಲ್ಲಿ ಮಲಗಿದವರಿಂದ. ಊರಿನ ಮನೆಯಲ್ಲಿ ಅಜ್ಜಿ, ಅಮ್ಮ, ತಮ್ಮ ಯಾರಾದರೂ ಕೇಳಿಸಿಕೊಂಡು ಹೇಳುತ್ತಿದ್ದರು. ಪಿಜಿಯ ಒಂಟಿ ಕೋಣೆಯಲ್ಲಿ, ಹೊಸದಾಗಿ ವರ್ಗವಾಗಿ ಬಂದ ಊರಿನ ಬಾಡಿಗೆ ಮನೆಯಲ್ಲಿ ಮಲಗುವ ನಮ್ಮ ಹುಡುಗ ಹುಡುಗಿಯರಿಗೆ ಹೇಳುವವರಿಲ್ಲ. ಹಲ್ಲು ಸೀಳಿದ ಮೇಲೆಯೇ ಅವರಿಗೆ ಸುದ್ದಿ. ರೂಮ್‌ಮೇಟ್ ಇದ್ದರೆ ಸಂಕೋಚ ಬಿಟ್ಟು ಕೇಳಿ. ಯಾರೂ ಇಲ್ಲದಿದ್ದರೆ ಎರಡು ಮೂರು ರಾತ್ರಿ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಗೊರಕೆಯೂ ಅದರಲ್ಲೇ ಗೊತ್ತಾಗುತ್ತದೆ. ರಜೆಗೆ ಊರಿಗೆ ಹೋದಾಗ ಪಕ್ಕದಲ್ಲಿ ಮಲಗಿದವರನ್ನು ಬೆಳಿಗ್ಗೆ ವಿಚಾರಿಸಿ.

ಮುಂದಿನ ಸಲ ಹಲ್ಲು ಕ್ಲೀನ್ ಮಾಡಿಸಲು ಹೋದಾಗ ವೈದ್ಯರಿಗೆ ಎರಡೇ ಪ್ರಶ್ನೆ ಕೇಳಿ: ನನ್ನ ಹಲ್ಲು ವಯಸ್ಸಿಗಿಂತ ಹೆಚ್ಚು ಸವೆದಿದೆಯೇ? ಎಲ್ಲಾದರೂ ಸೀಳು ಕಾಣುತ್ತದೆಯೇ? ಉತ್ತರ ‘ಇಲ್ಲ’ ಆದರೆ ನೆಮ್ಮದಿ. ‘ಹೌದು’ ಆದರೂ ನೋವು ಬರುವ ಮೊದಲೇ ಗೊತ್ತಾಯಿತಲ್ಲ, ಕ್ಯಾಪಿನ ಖರ್ಚಿಗಿಂತ ಗಾರ್ಡಿನ ಖರ್ಚು ಕಡಿಮೆ. ಅಂದ ಹಾಗೆ, ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ನಿಮ್ಮ ಹಲ್ಲುಗಳು ಕೂಡಿವೆಯೋ, ಬಿಟ್ಟಿವೆಯೋ ಒಮ್ಮೆ ನೋಡಿಕೊಳ್ಳಿ.